ತುಂಬು ತೋಳಿನ ಅಂಗಿಗಳು

ಬಾಗಿಲು ತೆರೆದಾಗ ಅವಳ ಬಲಗೈಯಲ್ಲಿ ಕತ್ತರಿ ಇತ್ತು. ಹಿಡಿದ ರೀತಿ ನೋಡಿದರೆ ಅದು ಬಟ್ಟೆ ಕತ್ತರಿಸೋಕೆ ಅಲ್ಲ ಅಂತ ಯಾರಿಗಾದರೂ ಗೊತ್ತಾಗುತ್ತಿತ್ತು.

ಹೊರಗೆ ನಿಂತಿದ್ದವನು ಎರಡು ಹೆಜ್ಜೆ ಹಿಂದೆ ಸರಿದ.

"ನಾನು ಬಡಗಿ. ನಿಮ್ಮ ಅಕ್ಕ ಕಳಿಸಿದ್ರು. ಬಟ್ಟೆ ಕಪಾಟು ಸರಿ ಮಾಡ್ಬೇಕಂತೆ."

"ಅಕ್ಕ ಎಲ್ಲಿ ಕೆಲಸ ಮಾಡ್ತಾಳೆ?"

"ಅಂಚೆ ಕಚೇರೀಲಿ. ನಿಮ್ಮನ್ನ ಪುಟ್ಟಿ ಅಂತಾರೆ."

ಅವಳು ಕತ್ತರಿ ಇಳಿಸಿದಳು. ಕೆಳಗಿಡಲಿಲ್ಲ.

ಎಂಟು ತಿಂಗಳ ಹಿಂದೆ ಅವಳ ಗಂಡ ಅವಳ ಎಡಗೈಯನ್ನು ಅದೇ ಕಪಾಟಿನ ಬಾಗಿಲಿಗೆ ಸಿಕ್ಕಿಸಿ ಎರಡು ಸಲ ಜಜ್ಜಿದ್ದ. ತಾನು ಹೇಳಿದ ಅಂಗಿ ಬಿಟ್ಟು ಬೇರೆ ಹಾಕಿಕೊಂಡಳು ಅನ್ನೋದಷ್ಟೇ ಕಾರಣ. ಆಸ್ಪತ್ರೆಯಲ್ಲಿ ದಿನವೂ ಬೇರೆಯವರ ಎಕ್ಸ್‌ರೇ ತೆಗೆಯುತ್ತಿದ್ದ ಅವಳು, ಅಂದು ತನ್ನದೇ ಮೂಳೆ ಎರಡು ಕಡೆ ಮುರಿದಿದ್ದನ್ನು ಪರದೆಯ ಮೇಲೆ ನೋಡಿದಳು. ಆಮೇಲೆ ವಿಚ್ಛೇದನ ಆಯಿತು. ಅವನು ಅವಳ ಮನೆ ಹತ್ತಿರ ಸುಳಿಯಬಾರದು ಅಂತ ನ್ಯಾಯಾಲಯ ಆದೇಶವನ್ನೂ ಕೊಟ್ಟಿತು.

ಕೈ ಮಾತ್ರ ಭುಜಕ್ಕಿಂತ ಮೇಲೆ ಏಳಲೇ ಇಲ್ಲ.

ಬೆಳಿಗ್ಗೆ ಬಟ್ಟೆ ಹಾಕಿಕೊಳ್ಳೋಕೆ ಮುಕ್ಕಾಲು ಗಂಟೆ. ಹ್ಯಾಂಗರ್ ಬಿಡಿಸೋಕೆ ಎರಡೂ ಕೈ ಬೇಕು, ಎಡಗೈ ಎಟುಕದು. ಕೆಳಗಿನದನ್ನು ಎಳೆದರೆ ಆರು ವರ್ಷದ ಸಂಸಾರದ ಬಟ್ಟೆಯೆಲ್ಲ ತಲೆ ಮೇಲೆ ಬೀಳುತ್ತಿತ್ತು. ಒಂದು ದಿನ ಒಂದೇ ತೋಳು ತೂರಿಸಿಕೊಂಡು ನೆಲದ ಮೇಲೆ ಕೂತು ಅಕ್ಕನಿಗೆ ಫೋನ್ ಮಾಡಿ ಅತ್ತಿದ್ದಳು. ಹಾಗೆ ಬಂದವನು ಈ ಬಡಗಿ.

ಅವನು ಕಪಾಟನ್ನು ನೋಡಿದ, ಅವಳನ್ನು ನೋಡಿದ. "ಕೈ ಎಲ್ಲೀವರೆಗೆ ಏಳುತ್ತೆ?"

ಎಷ್ಟು ನೋಯುತ್ತೆ ಅಂತ ಎಲ್ಲರೂ ಕೇಳಿದ್ದರು. ಇದನ್ನು ಯಾರೂ ಕೇಳಿರಲಿಲ್ಲ. ಅವಳು ಎತ್ತಿ ತೋರಿಸಿದಳು. ಅವನು ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆದ.

"ದಿನಾ ಹಾಕೋ ಬಟ್ಟೆ ಒಂದೂ ಇದರ ಮೇಲಿರಬಾರದು. ಎಲ್ಲ ಹೊರಗೆ ಹಾಕಿ ಮೇಡಂ. ಹಾಕೋದು, ಹಾಕದೇ ಇರೋದು, ಗೊತ್ತಿಲ್ಲದ್ದು... ಮೂರು ರಾಶಿ."

ಅವನ ಸುತ್ತಿಗೆಯ ಮೊದಲ ಏಟಿಗೇ ಅವಳು ಗೋಡೆಗೆ ಅಂಟಿಕೊಂಡು ಮುಖ ಮುಚ್ಚಿಕೊಂಡಳು. ಅವನು ಸುತ್ತಿಗೆ ಇಳಿಸಿದ. ಆಮೇಲೆ ಪ್ರತಿ ಏಟಿಗೂ ಮುಂಚೆ "ಸದ್ದಾಗುತ್ತೆ" ಅನ್ನತೊಡಗಿದ.

ಎರಡನೇ ದಿನ ಅವಳಿಗೆ ನಗು ಬಂತು. "ಪ್ರತಿ ಮೊಳೆಗೂ ಹೇಳ್ಬೇಕಾ?"

"ಬಾಯಿಗೇನು ಬಾಡಿಗೆ ಕಟ್ಟಬೇಕಾ?"

ನಕ್ಕು ಎಷ್ಟು ದಿನವಾಗಿತ್ತು...

ಮೂರನೇ ರಾಶಿಯಲ್ಲಿ ಹದಿನಾಲ್ಕು ಅಂಗಿಗಳಿದ್ದವು. ಎಲ್ಲವೂ ತುಂಬು ತೋಳಿನವು, ಕತ್ತು ಮುಚ್ಚುವಂಥವು. ಸುಡು ಬೇಸಿಗೆಯಲ್ಲಿ ಕೊಂಡವು. ಅವನು ಒಂದನ್ನು ಎತ್ತಿಕೊಂಡ. ಯಾವ ಗಾಯ ಮುಚ್ಚೋಕೆ ಅಂತ ಅವನಿಗೆ ಅರ್ಥವಾಯಿತು. ಮೆಲ್ಲಗೆ ಮಡಿಸಿಟ್ಟ.

ಮೂರನೇ ದಿನ ಮಧ್ಯಾಹ್ನ ಅವನು ಕೀಲು ತರಲು ಅಂಗಡಿಗೆ ಹೋಗಿದ್ದ. ಬಾಗಿಲು ತಟ್ಟಿದ ಸದ್ದಾಯಿತು. ಅವನೇ ಅಂದುಕೊಂಡು ಅವಳು ಬರಿಗೈಯಲ್ಲಿ ತೆರೆದಳು.

ಅವಳ ಮಾಜಿ ಗಂಡ ಒಳಗೆ ನುಗ್ಗಿದ. ಬಟ್ಟೆಯ ರಾಶಿಗಳನ್ನು ಕಾಲಿನಿಂದ ಒದ್ದ. "ಯಾರಿಗೋಸ್ಕರ ಈ ಸಿಂಗಾರ?"

ಕೂದಲು ಹಿಡಿದು ಅವಳ ಹಣೆಯನ್ನು ಹಲಗೆಗೆ ಅಪ್ಪಳಿಸಿದ. ಕಣ್ಣಿಗೆ ರಕ್ತ ಇಳಿಯಿತು. ಮುರಿದಿದ್ದ ಕೈಯನ್ನೇ ಹುಡುಕಿ ತಿರುಚಿದ. ಅವಳ ಬಲಗೈಗೆ ನೆಲದ ಮೇಲಿದ್ದ ಹ್ಯಾಂಗರ್ ಕಂಬಿ ಸಿಕ್ಕಿತು. ಬೀಸಿ ಅವನ ಮಂಡಿಗೆ ಹೊಡೆದಳು. ಮಂಡಿ ಲಟಕ್ಕೆಂದಿತು. ಅವನು ಬಿದ್ದ, ಬೀಳುತ್ತಾ ಅವಳನ್ನೂ ಎಳೆದುಕೊಂಡ. ಅವನ ಎರಡು ಕೈಗಳೂ ಅವಳ ಕುತ್ತಿಗೆಯ ಮೇಲಿದ್ದವು.

'ಇಲ್ಲೇ ಮುಗೀತು...'

ಆಗ ಬಡಗಿ ಬಂದ. ಅವನನ್ನು ಕಾಲರ್ ಹಿಡಿದು ಕಿತ್ತೆಸೆದು, ಎದೆಯ ಮೇಲೆ ಕೂತು ಗುದ್ದಿದ. ಮೂಗು ಒಡೆಯಿತು. ಹಲ್ಲು ಉದುರಿತು. ಕೆಳಗಿದ್ದವನು ಕೈ ಎತ್ತೋದನ್ನೂ ಬಿಟ್ಟ ಮೇಲೂ ಮುಷ್ಟಿ ಏಳುತ್ತಿತ್ತು, ಇಳಿಯುತ್ತಿತ್ತು.

"ಸಾಕು," ಅಂದಳು ಅವಳು.

ಮುಷ್ಟಿ ಗಾಳಿಯಲ್ಲೇ ನಿಂತಿತು.

ಬಡಗಿ ತಿರುಗಿದಾಗ ಆ ಮುಖ ಕಂಡು ಅವಳು ಹಿಂದೆ ಸರಿದಳು. ಇಂಥ ಮುಖದ ಜೊತೆ ಅವಳು ಆರು ವರ್ಷ ಬಾಳಿದ್ದಳು.

"ನೀವೂ ಹೋಗಿ," ಅಂದಳು. "ಮತ್ತೆ ಬರಬೇಡಿ."

ಪೊಲೀಸರು ಬಂದ ಮೇಲೆ ಹೇಳಿಕೆ ಕೊಟ್ಟು ಬಡಗಿ ಹೋದ. ಮತ್ತೆ ಬರಲಿಲ್ಲ. ಮಾಜಿ ಗಂಡ ಆಸ್ಪತ್ರೆಯಿಂದ ನೇರ ಜೈಲಿಗೆ ಹೋದ.

"ಜೀವ ಉಳಿಸಿದೋನನ್ನೇ ಓಡಿಸಿದ್ಯಲ್ಲೇ," ಅಂದಳು ಅಕ್ಕ.

"ಅವರ ಮುಷ್ಟಿ ನೀನು ನೋಡಿಲ್ಲ ಅಕ್ಕ."

ಉಳಿದ ಕೆಲಸವನ್ನು ಅಕ್ಕತಂಗಿಯರೇ ಮುಗಿಸಿದರು. ಗೆರೆಯ ಕೆಳಗೆ ಕಂಬಿ ಬಂತು. ಮುಂದೆ ಗುಂಡಿಯಿರುವ ಶರ್ಟುಗಳು ಎಡಕ್ಕೆ, ಪ್ಯಾಂಟುಗಳು ಸೊಂಟದೆತ್ತರದ ಡ್ರಾಯರಿಗೆ. ಹದಿನಾಲ್ಕು ಅಂಗಿಗಳನ್ನು ಅವಳು ಒಂದೊಂದಾಗಿ ಹರಿದು ನೆಲ ಒರೆಸುವ ಬಟ್ಟೆ ಮಾಡಿದಳು.

ಒಂದು ಬೆಳಿಗ್ಗೆ ಆರೇ ನಿಮಿಷದಲ್ಲಿ ತಯಾರಾದಳು. ಹೊರಡಲು ಇನ್ನೂ ಹೊತ್ತಿತ್ತು. ಮಂಚದ ಮೇಲೆ ಸುಮ್ಮನೆ ಕೂತಳು.

'ಸಾಕು, ಸಾಕು ಅಂತ ಆರು ವರ್ಷ ಬೇಡಿಕೊಂಡೆ. ಅವನು ಒಂದು ಸಲಾನೂ ನಿಲ್ಲಿಸಲಿಲ್ಲ. ಇವರು ಒಂದೇ ಮಾತಿಗೆ ನಿಲ್ಲಿಸಿದ್ರು...'

ಅಂದು ಮಧ್ಯಾಹ್ನ, ಊಟದ ಬಿಡುವಿನಲ್ಲಿ ಅವನ ಕೆಲಸದ ಶೆಡ್ಡಿಗೆ ಹೋದಳು. ಅವಳನ್ನು ಕಂಡು ಅವನು ಕೈಯಲ್ಲಿದ್ದ ಉಳಿಯನ್ನು ದೂರ ಇಟ್ಟ. ಗೆಣ್ಣುಗಳ ಮೇಲೆ ಹೊಲಿಗೆಯ ಕಲೆ ಇತ್ತು.

"ನಿಮ್ಮನ್ನ ಕಂಡ್ರೆ ನಂಗೆ ಭಯ," ಅಂದಳು.

"ನಂಗೂ ಭಯಾನೇ. ಅವತ್ತು ಹೊಡೀತಾ ಹೊಡೀತಾ... ನಂಗೆ ಹಿತವಾಗ್ತಿತ್ತು. ಅದಕ್ಕೇ ನಿಮ್ಮ ಬೀದಿ ಕಡೆ ಬರಲಿಲ್ಲ."

ಅವನು ಸುಳ್ಳು ಹೇಳಿದ್ದರೆ ಅವಳು ಅಲ್ಲಿಂದಲೇ ಹೊರಟುಬಿಡುತ್ತಿದ್ದಳು.

"ಆದ್ರೂ ನನ್ನ ಮಾತು ನಿಮಗೆ ಕೇಳಿಸ್ತಲ್ಲ."

"ನಿಮ್ಮ ದನಿ ಎಲ್ಲಿದ್ರೂ ಕೇಳಿಸುತ್ತೆ," ಅಂದ ಅವನು, ಮರದ ಪುಡಿ ನೋಡುತ್ತಾ. "ಮೊದಲ ದಿನದಿಂದಾನೂ."

ಅವಳಿಗೆ ಅಳು ಬಂತು. ಅವನು ಹತ್ತಿರ ಬರಲಿಲ್ಲ. ಒಂದು ಸ್ಟೂಲು ಒರೆಸಿ ಬಾಗಿಲ ಪಕ್ಕ ಇಟ್ಟ, ತಾನು ದೂರದ ಹಲಗೆ ರಾಶಿಯ ಮೇಲೆ ಕೂತ.

ಅವಳು ಸ್ಟೂಲು ಎತ್ತಿಕೊಂಡು ಅವನ ಪಕ್ಕಕ್ಕೆ ಹೋದಳು.

"ಇಷ್ಟು ಹತ್ರ ಪರವಾಗಿಲ್ವಾ?" ಅವನು ಕೇಳಿದ.

"ಇವತ್ತಿಗೆ ಇಷ್ಟು," ಅಂದಳು ಅವಳು. "ನಾಳೆ ಮತ್ತೆ ಕೇಳಿ."