ಐದನೆಯ ಸೀಟು

ಮಂಚ, ಪರದೆಗಳಿರುವ ಓಡುವ ಮನೆಯಂಥ ಮೋಟರ್‌ಹೋಮಿನ ಐದನೆಯ ಸೀಟನ್ನು ಬೆಲ್ಟಿನ ಸಮೇತ ಬಿಚ್ಚಿ ತೆಗೆದು, ಆ ಜಾಗದಲ್ಲಿ ಯಜಮಾನರ ಎರಡನೆಯ ಫ್ರಿಜ್ ಕೂರಿಸಲಾಯಿತು. ರಜೆಗೆ ಹೊರಟವರು ಐದು ಜನ: ಯಜಮಾನರು, ಅಮ್ಮಾವ್ರು, ಇಬ್ಬರು ಮಕ್ಕಳು, ಮಕ್ಕಳನ್ನು ನೋಡಿಕೊಳ್ಳುವ ಹುಡುಗಿ.

ಹುಡುಗಿಗೆ ಇದನ್ನು ಯಾರೂ ಹೇಳಲಿಲ್ಲ.

ಅವಳು ಆ ಗಾಡಿಯನ್ನು ಮೊದಲು ಕಂಡದ್ದು ವರ್ಕ್‌ಶಾಪಿನಲ್ಲಿ, ನಾಲ್ಕು ಶನಿವಾರಗಳ ಹಿಂದೆ. ಮೂರು ವರ್ಷದ ಚಿಕ್ಕವನನ್ನು ಕಂಕುಳಲ್ಲಿ ಎತ್ತಿಕೊಂಡು, ಆರು ವರ್ಷದ ದೊಡ್ಡವಳ ಕೈ ಹಿಡಿದು ನಿಂತಿದ್ದಳು. ಗಾಡಿಯ ಕೆಳಗಿನಿಂದ ಮೊದಲು ಎರಡು ಬೂಟು, ಆಮೇಲೆ ಗ್ರೀಸು ಮೆತ್ತಿದ ಒಂದು ಮುಖ ಹೊರಬಂತು.

"ಮೇಡಂ, ಪರದೆಗೆ ಯಾವ ಬಣ್ಣ ಹಾಕ್ಸೋಣ?"

ಮೇಡಂ! ಅವಳಿಗೆ ನಗು ಉಕ್ಕಿ ಬಂತು. ನುಂಗಿಕೊಂಡು, ಥೇಟ್ ಅಮ್ಮಾವ್ರ ಹಾಗೆ ಗದ್ದ ಎತ್ತಿ, "ಹಸಿರು," ಎಂದಳು.

"ತಿಳಿ ಹಸಿರಾ, ಗಿಳಿ ಹಸಿರಾ?"

"ಗಿಳಿ."

ಫಿಟ್ಟರ್ ಬರೆದುಕೊಂಡ. ಅಷ್ಟರಲ್ಲಿ ನಿಜವಾದ ಮೇಡಂ ಬಂದರು. ಅವನು ಒಮ್ಮೆ ಇವಳನ್ನು, ಒಮ್ಮೆ ಅವರನ್ನು ನೋಡಿ ಕಿವಿಯ ತುದಿಯವರೆಗೂ ಕೆಂಪಾದ. ಆದರೆ ಬರೆದದ್ದನ್ನು ಹೊಡೆದುಹಾಕಲಿಲ್ಲ. "ಈಗ ಎಲ್ಲಾ ಕಡೆ ಗಿಳಿ ಹಸಿರೇ ನಡೀತಿರೋದು ಮೇಡಂ," ಎಂದು ಅವರನ್ನು ಒಪ್ಪಿಸಿಯೂಬಿಟ್ಟ. ಅವರ ಹೆಗಲ ಮೇಲಿಂದ ಇವಳತ್ತ ಹಾರಿಬಂದ ಆ ಕಳ್ಳನೋಟ ಇಡೀ ವಾರ ಅವಳ ಜೊತೆಗಿತ್ತು. ಪಾತ್ರೆ ತೊಳೆಯುವಾಗ, ಮಕ್ಕಳ ಷೂ ಲೇಸು ಕಟ್ಟುವಾಗ.

ಎರಡನೆಯ ಶನಿವಾರ ಮಕ್ಕಳ ಸೀಟಿನ ಸರದಿ. ಚಿಕ್ಕವನಿಗೆ ಬೆಲ್ಟ್ ಹಾಕುವುದನ್ನು ಅವಳಿಗೆ ಕಲಿಸಿಕೊಡುವಾಗ ಫಿಟ್ಟರ್‌ನ ಬೆರಳು ಅವಳ ಬೆರಳಿಗೆ ತಾಕಿತು. ತಾಕಿ, ದಾರಿ ಮರೆತಂತೆ ಅಲ್ಲೇ ನಿಂತಿತು.

"ಕ್ಲಿಕ್ ಅಂತ ಸದ್ದಾಗ್ಬೇಕು ಮೇಡಂ. ಸದ್ದಾಗದಿದ್ರೆ ಹಾಕಿದ ಹಾಗಲ್ಲ."

"ನಂಗೆ ಕೇಳಿಸಲಿಲ್ಲಪ್ಪ."

"ಹಾಗಾದ್ರೆ ಇನ್ನೊಂದ್ಸಲ."

ಹತ್ತು ಸಲ ಹಾಕಿದರು, ಹತ್ತು ಸಲ ತೆಗೆದರು. ಕೊನೆಗೆ ಚಿಕ್ಕವನೇ ರೋಸಿಹೋಗಿ, "ನಂಗೆ ಕೇಳಿಸ್ತು!" ಎಂದು ಕಿರುಚಿದ.

"ಮಲಗೋಕೆ ಆರು ಜನಕ್ಕೆ ಜಾಗ ಇದೆ," ಎಂದು ಫಿಟ್ಟರ್ ಗಾಡಿ ತೋರಿಸುತ್ತ ಹೇಳಿದ. "ಆದ್ರೆ ಓಡುವಾಗ ಐದೇ ಬೆಲ್ಟು. ಐದನೇದು ನಿಮ್ಮದು, ಕಿಟಕಿ ಪಕ್ಕ. ಹಾಕ್ಕೊಳ್ದೆ ಮಾತ್ರ ಕೂರ್ಬೇಡಿ. ಜೋರಾಗಿ ಬ್ರೇಕ್ ಹಾಕಿದ್ರೆ ಮನುಷ್ಯ ಗೋಣಿಚೀಲದ ಹಾಗೆ ಹಾರಿಹೋಗ್ತಾನೆ."

ತನ್ನ ಮೂಳೆಗಳ ಬಗ್ಗೆ ಯಾರಾದರೂ ಇಷ್ಟು ಕಾಳಜಿಯಿಂದ ಮಾತಾಡಿದ್ದು ಅವಳಿಗೆ ನೆನಪಿರಲಿಲ್ಲ.

ಮೂರನೆಯ ಶನಿವಾರ 'ನೀವು' ಎಂಬುದು 'ನೀನು' ಆಯಿತು. ಯಾರು ಮೊದಲು ಅಂದರು ಎಂಬುದರ ಮೇಲೆ ಇಬ್ಬರೂ ಜಗಳ ಆಡಿದರು.

ನಾಲ್ಕನೆಯ ಶನಿವಾರ ಗಾಡಿಯ ಮುಂಭಾಗಕ್ಕೆಲ್ಲ ಪ್ಲಾಸ್ಟಿಕ್ ಹೊದಿಸಲಾಗಿತ್ತು. ಅವನು ಅವಳನ್ನು ಹಿಂಬಾಗಿಲಿಂದ ಹತ್ತಿಸಿ, ಹಿಂದಿನ ಮಂಚದ ಬಳಿಗೆ ಕರೆದೊಯ್ದ. ದಿಂಬಿನ ಮೇಲ್ಗಡೆ ಒಂದು ಪುಟ್ಟ ದೀಪ.

"ಇದು ಆರ್ಡರಲ್ಲಿ ಇಲ್ಲ. ನೀನು ಯಾವಾಗ್ಲೂ ಪುಸ್ತಕ ಇಟ್ಕೊಂಡಿರ್ತೀಯಲ್ಲ, ನಿಂಗೇಂತ ಹಾಕಿದ್ದು. ಹಗಲೂ ಬೇಕಾಗುತ್ತೆ. ಪರದೆ ಎಳೆದ್ರೆ ಇಲ್ಲಿ ಕತ್ತಲೆ."

ಅವಳು ಸ್ವಿಚ್ ಒತ್ತಿದಳು, ಆರಿಸಿದಳು, ಮತ್ತೆ ಒತ್ತಿದಳು. ಒಂದು ಮಾತಿಗಾಗಿ ಕಾದಳು. ಅವನು ವೈರಿನ ವಿಚಾರವನ್ನೇ ಹೇಳುತ್ತಾ ಹೋದ. ಇರಲಿ, ಕೆಲವರಿಗೆ ಪ್ರೀತಿ ಬಾಯಿಗೆ ಬರುವುದಿಲ್ಲ, ಕೈಗೆ ಬರುತ್ತದೆ ಎಂದುಕೊಂಡಳು.

ಹೊರಡುವ ಬೆಳಿಗ್ಗೆ ಗಾಡಿಯನ್ನು ಮನೆಯ ಮುಂದೆ ತಂದು ನಿಲ್ಲಿಸಿದವನೂ ಅವನೇ. ಕಾಗದಕ್ಕೆ ಸಹಿ ಹಾಕಿ ಕೀ ಒಪ್ಪಿಸುವುದು ಅವನ ಕೆಲಸ. ಅವಳು ತನ್ನ ಚೀಲವನ್ನು ಹಿಂದಿನ ಮಂಚದ ಮೇಲಿಟ್ಟು, ಮಕ್ಕಳಿಬ್ಬರಿಗೂ ಬೆಲ್ಟ್ ಹಾಕಿ, ಕಿಟಕಿಯ ಕಡೆ ತಿರುಗಿದಳು. ಫ್ರಿಜ್ಜು. ಅಲ್ಲಾಡದಂತೆ ನೆಲಕ್ಕೆ ನಾಲ್ಕು ಬೋಲ್ಟು ಬಿಗಿದಿದ್ದರು.

"ಅಮ್ಮಾ, ನನ್ನ ಸೀಟು?"

ಅಮ್ಮಾವ್ರು ಮೊಬೈಲಿನಿಂದ ಕಣ್ಣು ಕೀಳಲಿಲ್ಲ. "ಹಿಂದೆ ಮಲ್ಕೋಮ್ಮ. ಮಲ್ಕೊಂಡು ಊರು ಸುತ್ತೋ ಭಾಗ್ಯ ಎಷ್ಟು ಜನಕ್ಕಿದೆ ಹೇಳು!"

"ಓಡುವಾಗ ಅಲ್ಲಿ ಮಲಗಬಾರದಂತೆ. ಬೆಲ್ಟಿಲ್ಲ."

"ದಾರೀಲಿ ಯಾರಾದ್ರೂ ತಡೆದ್ರೆ ಪರದೆ ಎಳ್ಕೊ," ಎಂದರು ಯಜಮಾನರು, ಕನ್ನಡಿ ಸರಿಮಾಡುತ್ತ. "ಕೆಮ್ಮಬೇಡ, ಅಷ್ಟೆ. ನೀನು ಮನೆಯವಳ ಹಾಗೆ ಅಲ್ವಾ? ಮನೆಯವರು ಅಡ್ಜಸ್ಟ್ ಮಾಡ್ಕೋತಾರೆ."

ಕೆಲಸಕ್ಕುಂಟು, ಲೆಕ್ಕಕ್ಕಿಲ್ಲ. 'ಮನೆಯವಳ ಹಾಗೆ' ಅಂದರೆ ಇದು.

ಅವಳು ಕೆಳಗಿಳಿದಳು. ಫಿಟ್ಟರ್ ಹಿಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತು, ಆಗಲೇ ಎರಡು ಸಲ ನೋಡಿದ್ದ ಗಾಳಿಯನ್ನು ಮೂರನೆಯ ಸಲ ನೋಡುತ್ತಿದ್ದ.

"ಸೀಟು ಬಿಚ್ಚಿದ್ದು ಯಾರು?"

"ನಾನೇ." ಅವನು ತಲೆ ಎತ್ತಲಿಲ್ಲ. "ನಮ್ ವರ್ಕ್‌ಶಾಪ್ ಓನರ್ ಹೇಳಿದ್ರು."

"ಯಾವತ್ತು?"

"ಹೋದ ಮಂಗಳವಾರ."

ಮಂಗಳವಾರ ಸೀಟು. ಶನಿವಾರ ದೀಪ.

"ಹಗಲೂ ಬೇಕಾಗುತ್ತೆ ಅಂದೆಯಲ್ಲ, ಇದಕ್ಕಾ? ನಾನು ಅಲ್ಲೇ ಬಿದ್ಕೊಂಡು ಹೋಗ್ತೀನಿ ಅಂತ ಗೊತ್ತಿದ್ದೇ ದೀಪ ಹಾಕಿದ್ಯಾ?"

"ಸಮಾಧಾನಕ್ಕೆ..."

"ಯಾರ ಸಮಾಧಾನಕ್ಕೆ? ಗೋಣಿಚೀಲದ ಹಾಗೆ ಹಾರಿಹೋಗ್ತಾರೆ ಅಂತ ಹೇಳಿಕೊಟ್ಟವನೇ ನೀನು ಕಣೋ!"

"ಮೆಲ್ಲಗೆ. ಕಾಗದದಲ್ಲಿ ನಾಲ್ಕೇ ಜನ ಅಂತಿದೆ. ನಾನು ಬಾಯಿ ಬಿಟ್ರೆ ಕೆಲಸ ಹೋಗುತ್ತೆ."

"ಹತ್ತಲಿಲ್ಲ ಅಂದ್ರೆ ನಂದೂ ಹೋಗುತ್ತೆ."

"ಸಹಿ ಹಾಕಿ ಕೊಡಪ್ಪಾ, ಹೊತ್ತಾಯ್ತು!" ಯಜಮಾನರು ಕೂಗಿದರು.

ಅವನು ಎದ್ದ. ರಟ್ಟಿನ ಮೇಲೆ ಕಾಗದವಿಟ್ಟು, 'ಪ್ರಯಾಣಿಕರು: ನಾಲ್ಕು' ಎಂಬುದರ ಕೆಳಗೆ ಸಹಿ ಹಾಕಿ ಕಿಟಕಿಯಲ್ಲಿ ಕೊಟ್ಟ. ಐದನೆಯವಳು ಒಂದು ಮೊಳದ ದೂರದಲ್ಲಿ ನಿಂತು ನೋಡಿದಳು. ಆಮೇಲೆ ಅವನು ಅವಳ ಮಣಿಕಟ್ಟು ಹಿಡಿದು, ಗಾಡಿಯ ಮರೆಗೆ ಎಳೆದುಕೊಂಡ.

"ಇದೊಂದ್ಸಲ ಹತ್ತಿಬಿಡು. ನಿನ್ನ ಬಿಟ್ರೆ ನಂಗೆ ಬೇರೆ ಯಾರೂ ಬೇಡ. ವಾಪಸ್ ಬಂದ ಕೂಡ್ಲೆ ಮದುವೆ ಆಗೋಣ. ನಿನ್ನಾಣೆ."

ಅವಳು ಕಾದಿದ್ದ ಮಾತು. ಹಾಳಾದ ಎದೆ, ಈಗಲೂ ಒಮ್ಮೆ ಜಿಗಿಯಿತು. ಅವನ ರೆಪ್ಪೆಯ ಮೇಲೆ ಧೂಳಿತ್ತು; ಒರೆಸಲು ಅವಳ ಕೈ ಅರ್ಧ ಮೇಲೆದ್ದು ನಿಂತಿತು.

"ಶನಿವಾರ ಹೇಳಿದ್ರೆ ಕುಣಿದುಬಿಡ್ತಿದ್ದೆ," ಎಂದಳು. "ಇವತ್ತು ನನ್ನ ಮೂಗಿಗೆ ತುಪ್ಪ ಸವರ್ತಿದೀಯ."

ಒಳಗೆ ಚಿಕ್ಕವನು ಅಳತೊಡಗಿದ್ದ. ಅವಳು ಮತ್ತೆ ಹತ್ತಿದಳು. ಅಮ್ಮಾವ್ರು, "ಹಾಗೆ ದಾರಿಗೆ ಬಾ," ಎಂದರು. ಅವಳು ಚಿಕ್ಕವನ ಮೂಗು ಒರೆಸಿದಳು.

"ಅಕ್ಕ, ನನ್ ತೊಡೆ ಮೇಲೆ ಕೂತ್ಕೊ. ನಾನು ಗಟ್ಟಿಯಾಗಿ ಹಿಡ್ಕೋತೀನಿ," ಎಂದ ಅವನು.

ಅವಳು ಅವನ ಬೆಲ್ಟನ್ನು ಎಳೆದು ನೋಡಿದಳು, ದೊಡ್ಡವಳದನ್ನೂ ನೋಡಿದಳು. ಹಿಂದಿನ ಮಂಚದಿಂದ ತನ್ನ ಚೀಲ ತೆಗೆದುಕೊಂಡು ಇಳಿದಳು.

"ಮಗು ಹಂಗೆ ಅಳ್ತಿದೆ, ಕಲ್ಲು ಕಣೇ ನಿನ್ನ ಮನಸ್ಸು!" ಅಮ್ಮಾವ್ರ ದನಿ ಏರಿತು.

ಯಜಮಾನರು ಹಾರ್ನ್ ಒತ್ತಿದರು. "ಕೊನೇ ಸಲ ಹೇಳ್ತಿದೀನಿ. ಹತ್ತು."

ಫಿಟ್ಟರ್ ಬಾಗಿಲು ಹಿಡಿದು ನಿಂತಿದ್ದ. "ನನಗೋಸ್ಕರ," ಎಂದ.

"ಹತ್ತಲ್ಲ," ಎಂದಳು ಅವಳು ಯಜಮಾನರಿಗೆ. ಆಮೇಲೆ ಅವನತ್ತ ತಿರುಗಿದಳು. "ನಿನಗೋಸ್ಕರವೂ ಹತ್ತಲ್ಲ."