ಹಸಿರು ಬಾಣದ ಬಾಗಿಲು

"ನನ್ನ ಗಂಡ ಕುಡದು ಸತ್ತಾನಂತ ಕಂಪನಿಯವ್ರು ಬರಕೊಂಡಾರ್ರಿ ಅಕ್ಕಾರ. ಹೆಂಡದ ವಾಸನಿಗೇ ವಾಂತಿ ಮಾಡಕೊಳ್ಳಾಂವ ರೀ ಅಂವ. ಮಗಳಿಗೆ ಏನಂತ ಹೇಳ್ಲಿ?"

ಬಾಲಾನಗರದ ಶಿವದೇವಿ ಅಕ್ಕನ ಮನೆಯ ಹೊಸ್ತಿಲಲ್ಲೇ ಕುಸಿದು ಸುಮಂಗಲಾ ಕೇಳಿದಳು. ಶಿವದೇವಿ ಅಕ್ಕ ಕಾರ್ಖಾನೆಯೊಂದರ ಅಗ್ನಿಶಾಮಕ ದಳದಿಂದ ನಿವೃತ್ತರಾದವರು. ಕಾಲೋನಿಯಲ್ಲಿ ಏನೇ ನಡೆದರೂ ಜನ ಮೊದಲು ಅವರ ಬಾಗಿಲು ತಟ್ಟುತ್ತಿದ್ದರು. ಏಳನೆಯ ತರಗತಿಗೇ ಶಾಲೆ ಬಿಟ್ಟ ನಾನು ಅವರ ಅಡುಗೆಯವಳು. ಅವರು ಹೋದಲ್ಲೆಲ್ಲ ಚೀಲ ಹಿಡಿದು ಹೋಗುತ್ತಿದ್ದೆ.

ಸುಮಂಗಲಾಳ ಗಂಡ ಬಸು ಜೀಡಿಮೆಟ್ಲಾದ ಔಷಧ ಕಾರ್ಖಾನೆಯೊಂದರಲ್ಲಿ ಮಾಳಿಗೆ ರಿಪೇರಿ ಮಾಡುತ್ತಿದ್ದ. ತಪಾಸಣೆಯವರು ಬರುತ್ತಾರೆಂದು, ಅಪಾಯದಲ್ಲಿ ಓಡಬೇಕಾದ ದಾರಿಗೆ ಹಸಿರು ಬಾಣ ಬಳಿಯಲು, ಸುಮಂಗಲಾ ನಮ್ಮಲ್ಲಿಗೆ ಬರುವ ಹಿಂದಿನ ದಿನ ಅವನನ್ನು ಮೇಲೆ ಕಳಿಸಿದ್ದರು. ಆಗಲೇ ಚಿಮಣಿಯ ವಿಷದ ಹೊಗೆ ಅವನು ಹತ್ತಿಬಂದ ಕಬ್ಬಿಣದ ಏಣಿಯ ಕಡೆ ನುಗ್ಗಿ, ಇಳಿಯುವ ದಾರಿ ಮುಚ್ಚಿತ್ತು.

ಅಕ್ಕನ ಪರಿಚಯದ ಪೊಲೀಸ್ ಇನ್ಸ್‌ಪೆಕ್ಟರ್ ನಮ್ಮನ್ನು ಮಾಳಿಗೆಗೆ ಕರೆದೊಯ್ದರು. ಎಲ್ಲೆಲ್ಲೂ ಪಾರಿವಾಳದ ಹಿಕ್ಕೆ, ಕೊಳೆತ ಗರಿ. ಬಾಣಗಳು ಇನ್ನೊಂದು ತುದಿಯ ಬಾಗಿಲಲ್ಲಿ ಮುಗಿಯುತ್ತಿದ್ದವು. ಅದರಾಚೆ ಸಾಹೇಬರ ಊಟದ ಕೋಣೆಗಿಳಿಯುವ ಮೆಟ್ಟಿಲು. ಬಾಗಿಲ ಮುಂದೆ ಹಸಿರು ಬಣ್ಣದ ಎರಡು ಬರಿಗಾಲ ಗುರುತು: ಹಿಮ್ಮಡಿ ಸ್ಪಷ್ಟ, ಬೆರಳುಗಳು ಮಾತ್ರ ಕಮಾನಿನಂತೆ ಅಳಿಸಿದ್ದವು. ಅಕ್ಕ ಬಗ್ಗಿ ಬಾಗಿಲಿನ ಕೆಳಅಂಚನ್ನು ಬೆರಳಿಂದ ಸವರಿದರು. ಅಲ್ಲೂ ಹಸಿರು.

ಆಮೇಲೆ ಎಲ್ಲರನ್ನೂ ಊಟದ ಕೋಣೆಯಲ್ಲಿ ಸೇರಿಸಿದರು. ಸುಮಂಗಲಾ ಮತ್ತು ನಾನು ನೆಲದ ಮೇಲೆ ಕೂತೆವು.

"ನಾ ಏಣಿ ಹತ್ತಿ ಹೋದಾಗ ಬಾಗಿಲಾ ತೆರದೇ ಇತ್ರಿ," ಎಂದ ಕಾವಲುಗಾರ ಮಾಣಿಕಪ್ಪ. "ಬಸು ಬಾಗಿಲಿಂದ ನಾಲ್ಕ್ ಹೆಜ್ಜಿ ದೂರ ಮಾಳಿಗಿ ಮ್ಯಾಲ ಬಿದ್ದಿದ್ದ. ಸಾಹೇಬ್ರ ಮೆಟ್ಟಲಾ ಹತ್ತಾಕ ನನಗ ಹುಕುಮ್ ಇಲ್ರಿ."

"ಮಾಳಿಗಿ ಕೆಲಸದವ್ರು ಹೊಲಸು ಕಾಲಿಂದ ಇಲ್ಲಿ ನನ್ನ ಜಮಖಾನಿ ತುಳೀತಾರಂತ ನಾ ಬೈದೀನಿ, ಖರೇ," ಎಂದ ಕ್ಯಾಂಟೀನಿನ ಪರಮೇಶ. "ಆದ್ರ ಕೀಲಿ ಅಮಿತ್ ಸಾಹೇಬ್ರ ಕಡೆ ಇರತೈತಿ."

ಸುರಕ್ಷತಾ ಅಧಿಕಾರಿ ಅಮಿತ ಕಾಲ ಮೇಲೆ ಕಾಲು ಹಾಕಿದ. "ಬಾಗಿಲು ಯಾವಾಗ್ಲೂ ತೆರೆದೇ ಇರತೈತಿ. ಕುಡದಾಂವಗ ಕಾಣಲಿಲ್ಲ, ಅಷ್ಟ."

"ನೀವು ಮ್ಯಾಲ ಹೋಗಿದ್ರೇನು?" ಅಕ್ಕ ಕೇಳಿದರು.

"ಆ ಹೇಸಿಗಿಯಾಗ ನಾ ಕಾಲಿಡೂದಿಲ್ರಿ. ದಾರಿಯ ನಕ್ಷೆನೂ ಇಲ್ಲೇ ಎಸಿಯಾಗ ಕೂತು ತೆಗದೀನಿ."

ಅವನ ಬೂಟಿನ ಅಡಿ ನನ್ನ ಮುಖಕ್ಕೆ ನೇರವಾಗಿತ್ತು. ನಾಚಿಕೆ ನುಂಗಿಕೊಂಡು ಎದ್ದು, ಅಲ್ಲಿ ಕಂಡದ್ದನ್ನು ಅಕ್ಕನ ಕಿವಿಯಲ್ಲಿ ಹೇಳಿದೆ.

ಅಕ್ಕ ನಿಧಾನವಾಗಿ ಬಿಡಿಸಿ ಹೇಳಿದರು. "ಬಸು ಕುಡದಿರಲಿಲ್ಲ. ತಾನೇ ಬಳದ ಬಾಣದ ಹಿಂದ ನೆಟ್ಟಗ ಬಾಗಿಲ ತನಕ ಓಡ್ಯಾನ. ಬಾಗಿಲು ಹೊರಗ, ಮಾಳಿಗಿ ಕಡೆ ತೆರೀತೈತಿ. ಮೊದಲೇ ತೆರದಿದ್ರ ಅಂವ ಒಳಗ ಬರತಿದ್ದ. ಮುಚ್ಚಿತ್ತು. ಆಮ್ಯಾಲ ಯಾರೋ ಒಳಗಿಂದ ದೂಡಿದಾಗ ಅದರ ಅಂಚು ಅವನ ಬೆರಳ ಗುರುತು ಒರಸೈತಿ. ಆಗ ಬಣ್ಣ ಇನ್ನೂ ಹಸಿ ಇತ್ತು, ಅಂದ್ರ ಅಂವ ಬಿದ್ದು ಭಾಳ ಹೊತ್ತಾಗಿರಲಿಲ್ಲ. ಮಾಣಿಕಪ್ಪ ಬರೂಕಿಂತ ಮೊದಲ ಒಬ್ಬರು ಬೀಗ ತೆಗದು, ಬಿದ್ದಾಂವನ್ನ ನೋಡಿ, ಬೀಗ ಕಿಸೇದಾಗ ಹಾಕ್ಕೊಂಡು ಇಳದಾರ. ಅಮಿತ್, ನಿಮ್ಮ ಬೂಟಿನ ಗೆರಿಯೊಳಗ ಹಿಕ್ಕೆ ಐತಿ, ಹಸಿರು ಬಣ್ಣಾನೂ ಐತಿ. ಜಮಖಾನಿ ಹೊಲಸಾಗ್ತೈತಂತ ದಾರಿಗೇ ಬೀಗ ಜಡದ್ರಿ. ನೀವು ನೋಡಿದಾಗ ಅಂವ ಉಸರಾಡಾಕತ್ತಿದ್ದನೇನು?"

ಅಮಿತ ಕಿಸೆಯಿಂದ ಬಿಳಿ ಕರ್ಚೀಫು ತೆಗೆದು, ಬೂಟಿನ ಅಡಿಯನ್ನು ಒರೆಸಲು ಬಗ್ಗಿದ.

ಸುಮಂಗಲಾ ಅವನ ಕೈ ಹಿಡಿದಳು.

"ಒರಸಬ್ಯಾಡ್ರಿ ಸಾಹೇಬ್ರ. ಅದು ನನ್ನ ಗಂಡ ಬಳದ ಬಣ್ಣ."