ಶುಕ್ರವಾರ ಆರುವ ಉರಿ

ಜಾಲರಿ ಸೌಟಿನಿಂದ ಕುದಿಯುವ ಎಣ್ಣೆ ತೊಟ್ಟಿಕ್ಕುತ್ತಿತ್ತು. ನನ್ನ ಮೂಗಿಗೂ ಅದಕ್ಕೂ ಒಂದೇ ಗೇಣು!

“ಗ್ಯಾಸ್ ವಾಲ್ವ್ ಮುಟ್ಟಿದ್ಯೋ, ನಿನ್ನನ್ನೇ ಕರಿದುಬಿಡ್ತೀನಿ ಲೈಲ್!”

ಇರ್ಮಾ ಅಜ್ಜಿ. ಫೈರ್ ಸ್ಟೇಷನ್ನಿನ ಅಡುಗೆಮನೆ ಅವಳ ಸಾಮ್ರಾಜ್ಯ. ಹೇಳಿದ್ದನ್ನು ಮಾಡಿ ತೋರಿಸುವ ಹೆಂಗಸು.

“ಎರಡೇ ನಿಮಿಷ ಅಜ್ಜಿ... ಒಲೆ ಆರಿಸಿ ನೋಡ್ತೀನಿ. ಹೀಟರಿನ ಗ್ಯಾಸನ್ನ ಅದು ಕದೀತಿದ್ಯೋ ಏನೋ...”

“ನನ್ನ ಒಲೆ ಕಳ್ಳನಾ? ಆಚೆ ಇಡೀ ಊರೇ ಹಸ್ಕೊಂಡು ಕೂತಿದೆ. ನಡಿ ಹೊರಗೆ!”

ನಡೆದೆ. ರೌಡಿಗಳ ಗೋದಾಮಿನಲ್ಲಿ ಹೀಟರ್ ರಿಪೇರಿ ಮಾಡಿದವನು ನಾನು. ನಾಯಿ ಕೈಲಿ ಕಚ್ಚಿಸಿಕೊಂಡವನು. ಆದರೆ ಅಮೆರಿಕದ ಈ ವಿಸ್ಕಾನ್ಸಿನ್ನಿನಲ್ಲಿ ಶುಕ್ರವಾರದ ಮೀನೂಟ ಅಂದರೆ ಊರಹಬ್ಬ; ಆ ಸಂಜೆ ಮೀನು ಕರಿಯುವವರನ್ನು ತಡೆಯುವ ಎಂಟೆದೆ ನನಗಿಲ್ಲ ಸ್ವಾಮಿ.

ವಿಷಯ ಇಷ್ಟೇ. ಬೆನ್‌ಹೋಲ್ಟ್ ಎಂಬ ಪುಟ್ಟ ಊರು. ಊರಿಗೊಂದೇ ಫೈರ್ ಎಂಜಿನ್. ಶುಕ್ರವಾರ ಅದನ್ನು ಶೆಡ್ಡಿನ ಒಂದು ಪಕ್ಕಕ್ಕೆ ಸರಿಸಿ ಮೇಜು ಹಾಕುತ್ತಾರೆ, ಮೀನೂಟ ನಡೆಯುತ್ತದೆ. ಮೇಲೆ ಚಾವಣಿಯ ಉದ್ದಕ್ಕೂ ನೇತಾಡುವ ಕಪ್ಪು ಕೊಳವೆಯೇ ಹೀಟರ್. ಒಂದು ತುದಿಯಲ್ಲಿ ಗ್ಯಾಸ್ ಉರಿ, ಪಕ್ಕದಲ್ಲೊಂದು ಫ್ಯಾನು. ಕೊಳವೆ ಕಾದರೆ ಎಂಜಿನ್ ಬೆಚ್ಚಗೆ. ಆರಿದರೆ ಈ ಚಳಿಗೆ ಬೆಳಗಾಗುವುದರೊಳಗೆ ಟ್ಯಾಂಕಿನ ನೀರು ಕಲ್ಲು!

ವಾರವಿಡೀ ಉರಿಯುತ್ತಿತ್ತು. ಶುಕ್ರವಾರ ಸಂಜೆ ಮಾತ್ರ... ತಣ್ಣಗೆ!

ಕಿಡಿ ಹಾರಿಸುವ ಕಡ್ಡಿ ಬದಲಿಸಿದ್ದೆ. ಗ್ಯಾಸ್ ತೂತಿನ ಜೇಡರ ಬಲೆ ತೆಗೆದಿದ್ದೆ. ಉರಿ ಇದೆಯೇ ಎಂದು ಕಾಯುವ ತಂತಿಯನ್ನು ಫಳಫಳ ಉಜ್ಜಿದ್ದೆ. ಎಲ್ಲ ನೀರಿನಲ್ಲಿ ಹೋಮ.

ಅಜ್ಜಿಯ ಮಗ ವರ್ಲಿನ್ ಸ್ಟೇಷನ್ನಿನ ಚೀಫ್. ಅವನ ಮುಖ ಸೋತಿತ್ತು.

“ಇವತ್ತೂ ಹತ್ತದಿದ್ರೆ ನಾಳೆ ಎಂಜಿನ್ನನ್ನ ಪಕ್ಕದೂರಿನ ಸ್ಟೇಷನ್ನಿಗೆ ಕೊಡ್ತಾರಂತೆ. ಊರಿನ ಬೋರ್ಡಿನವರು ಖಡಾಖಂಡಿತ ಹೇಳಿಬಿಟ್ರು.”

“ಆಮೇಲೆ ಇಲ್ಲಿ ಬೆಂಕಿ ಬಿದ್ರೆ?”

“ಅದು ಬರೋವರೆಗೂ ನೋಡ್ತಾ ನಿಂತ್ಕೋಬೇಕು!”

ಪಕ್ಕದೂರಿಗೆ ಲಾಭ... ನನ್ನ ತಲೆ ಓಡಿತು. ಇದು ರಿಪೇರಿ ಅಲ್ಲ. ಪಿತೂರಿ!

ಹೀಟರಿನ ಗುಂಡಿ ಒತ್ತಿ ಮತ್ತೆ ಚಾಲೂ ಮಾಡಿದೆ. ಫ್ಯಾನು ಗುರ್‍ರೆಂದಿತು. ಉರಿ ಇಲ್ಲ. ಅದು ತಿಣುಕುತ್ತಿರುವಾಗಲೇ ಎಂಜಿನ್ನಿನ ಹಿಂದೆ ಒಂದು ನೆರಳು ಸರಿಯಿತು. ಟೋಪಿ ಕಣ್ಣಿನವರೆಗೆ. ಕೋಟಿನೊಳಗೆ ಏನೋ ಉಬ್ಬು.

ಓರ್ವಿಲ್! ಪಕ್ಕದೂರಿನ ಫೈರ್‌ಮನ್!

“ನಿಲ್ಲೋ!”

ಓಡಿದ. ಹಿಂಬಾಗಿಲು ದಾಟಿದ. ಬಾಗಿಲು ದಢಾರನೆ ಮುಚ್ಚಿತು. ನಾನು ತಳ್ಳಿದೆ... ಜಪ್ಪಯ್ಯ ಅನ್ನಲಿಲ್ಲ. ಆಚೆ ನಿಂತು ಒತ್ತಿಹಿಡಿದಿದ್ದಾನೆ ಬಡ್ಡೀಮಗ! ಭುಜ ಕೊಟ್ಟು ನುಗ್ಗಿದೆ. ಬಾಗಿಲು ತೆರೆದು ಗೋಡೆಗೆ ಬಡಿದು ಹಿಮದ ರಾಶಿಯಲ್ಲಿ ಹಾಗೇ ಸಿಕ್ಕಿಕೊಂಡಿತು, ನಾನು ಮುಗ್ಗರಿಸಿದೆ.

ಬಾಗಿಲ ಹಿಂದೆ ಯಾರೂ ಇರಲಿಲ್ಲ. ಓರ್ವಿಲ್ ಆಗಲೇ ಕಾರುಗಳ ನಡುವೆ ದೌಡು. ಅಟ್ಟಿಸಿಕೊಂಡು ಹೋಗಿ ಕೊರಳಪಟ್ಟಿ ಹಿಡಿದೆ.

“ಕೋಟಲ್ಲಿ ಏನಿದೆ? ಸ್ಪ್ಯಾನರಾ? ತೆಗಿ!”

“ಹೊಡೀಬೇಡ ಮಾರಾಯ... ಮೀನು!”

ನಿಜವಾಗಿಯೂ ಮೀನು. ಕಾಗದದಲ್ಲಿ ಸುತ್ತಿದ್ದು, ಇನ್ನೂ ಹೊಗೆಯಾಡುತ್ತಿತ್ತು.

“ನಮ್ಮೂರಿನ ಮೀನು ಬಾಯಿಗಿಡೋಕಾಗಲ್ಲ. ಇಲ್ಲಿ ತಿಂತೀನಿ ಅಂತ ಗೊತ್ತಾದ್ರೆ ನಮ್ಮೋರು ನನ್ನ ಊರಿಂದಾನೇ ಓಡಿಸ್ತಾರೆ!”

ಅಷ್ಟರಲ್ಲಿ ಒಳಗಿಂದ ಜನ ಹೋ ಎಂದರು. “ಹತ್ತಿತು! ಹೀಟರ್ ಹತ್ತಿತು!”

ನಾನು ಮುಟ್ಟಿಯೇ ಇಲ್ಲ!

ಒಳಗೆ ಓಡಿದೆ. ಬಾಗಿಲು ಮುಚ್ಚಿದೆ. ಉರಿ ಆರಿತು. ತೆರೆದೆ. ಹೊರಗಿನ ಗಾಳಿ ಸುಯ್ಯೆಂದು ನುಗ್ಗಿತು... ಟಿಕ್ ಟಿಕ್ ಟಿಕ್... ಭುಗ್!

ಆಗ ಹೊಳೆಯಿತು. ಬಾಗಿಲನ್ನು ಹಿಡಿದಿದ್ದು ಓರ್ವಿಲ್ ಅಲ್ಲ, ಗಾಳಿ! ಮೀನು ಕರಿಯುವ ಶುಕ್ರವಾರ ಮಾತ್ರ ಓಡುವ, ಒಲೆಯ ಮೇಲಿನ ದೊಡ್ಡ ಫ್ಯಾನು ಕಟ್ಟಡದ ಗಾಳಿಯನ್ನೆಲ್ಲ ಹೊರಕ್ಕೆ ಎಳೆಯುತ್ತಿದೆ. ಬದಲಿ ಗಾಳಿ ಬರಲು ದಾರಿಯಿಲ್ಲ. ಹಾಗಾಗಿ ಹೀಟರಿನ ಹೊಗೆ ಹೊರಹೋಗುವ ಕೊಳವೆಯಿಂದಲೇ ಗಾಳಿ ವಾಪಸ್ ಬರುತ್ತಿದೆ. ಗಾಳಿ ತಪ್ಪು ದಾರಿ ಹಿಡಿದರೆ ಗ್ಯಾಸ್ ಕಟ್ಟು ಮಾಡುವ ಪುಟ್ಟ ಸ್ವಿಚ್ಚೊಂದು ಹೀಟರಿನಲ್ಲಿದೆ. ಹೀಟರ್ ಕೆಟ್ಟೇ ಇರಲಿಲ್ಲ, ವಿಷದ ಹೊಗೆ ಒಳಗೆ ತುಂಬದಂತೆ ನಮ್ಮ ಜೀವ ಕಾಯುತ್ತಿತ್ತು!

ಹಾಗಾದರೆ ಅಡುಗೆಮನೆಗೆ ಗಾಳಿ ತರುವ ಕಿಂಡಿ ಏನಾಯಿತು?

ಮತ್ತೆ ಸೌಟಿನೆದುರು ಹೋದೆ. ಒಲೆಯ ಪಕ್ಕ, ಗೋಡೆಯ ಕೆಳಗೆ ಕಿಂಡಿ. ಅದರ ತುಂಬ ತುರುಕಿದ ಹೂವಿನ ಕೌದಿ.

“ಅಜ್ಜಿ... ಇದು...”

“ಮೊಣಕಾಲಿಗೆ ಥಂಡಿ ಹೊಡೀತಿತ್ತು. ತುರುಕ್ದೆ. ಏನೀಗ?”

“ಅದಿದ್ರೆ ಹೀಟರ್ ಹತ್ತಲ್ಲ. ಹೀಟರ್ ಹತ್ತದಿದ್ರೆ ನಾಳೆ ಎಂಜಿನ್ ಇರಲ್ಲ.”

ಸೌಟು ಗಾಳಿಯಲ್ಲೇ ನಿಂತಿತು. ನಾನು ಕಣ್ಣು ಮುಚ್ಚಿಕೊಂಡೆ.

ಏಟು ಬೀಳಲಿಲ್ಲ. ಕಣ್ಣು ಬಿಟ್ಟರೆ ಅಜ್ಜಿ ಬಗ್ಗಿ ತಾನೇ ಕೌದಿ ಎಳೆಯುತ್ತಿದ್ದಳು.

“ವರ್ಲಿನ್‌ಗೆ ಹೇಳ್ತೀಯಾ?” ದನಿ ಇಷ್ಟೇ ಇಷ್ಟು.

ಅಯ್ಯೋ ಅನಿಸಿತು. ಆ ಕೌದಿಯನ್ನು ಅವಳ ಸೊಂಟಕ್ಕೆ ಸುತ್ತಿ, ಮೊಣಕಾಲು ಮುಚ್ಚುವಂತೆ ಗಂಟು ಹಾಕಿಕೊಟ್ಟೆ.

ಬಾಗಿಲು ಮುಚ್ಚಿದೆವು. ಕೊಳವೆ ಕಾದೇ ಇತ್ತು. ವರ್ಲಿನ್ ಎಂಜಿನ್ನಿನ ಮೈ ಸವರಿ ಕೂಗಿದ, “ಯಾರೋ ಅದು ಕೇಡಿಗ? ಹೆಸರು ಹೇಳೋ ಲೈಲ್!”

ಇಡೀ ಊರು ನನ್ನತ್ತ ತಿರುಗಿತು. ಬೆನ್ನ ಹಿಂದೆ ಅಜ್ಜಿ ಉಸಿರು ಬಿಗಿಹಿಡಿದಿದ್ದಳು.

“ಹಕ್ಕಿ. ಕಿಂಡೀಲಿ ಗೂಡು ಕಟ್ಟಿತ್ತು.”

“ಜನವರೀಲಾ?”

“ಗಟ್ಟಿ ಹಕ್ಕಿ!”

ಆ ಹಕ್ಕಿ ಸದ್ದಿಲ್ಲದೆ ಬಂದು, ನನ್ನ ತಟ್ಟೆಗೆ ಇನ್ನೊಂದು ಮೀನು ಬಡಿಸಿ ಹೋಯಿತು.